ಕಿಸೆಕುಬುಸಕ್ಕೆ ಸಾಕ್ಷಿ

ಕನ್ನಡ ಬಿಟ್ಟು ಬೇರೆ ಮಾತು ಬಾರದ ಸಾಕ್ಷಿಗಳಿಗೆ ಮರಾಠಿ ಸೀಮೆಯ ನಿಲಂಗಾ ಕೋರ್ಟಿನಲ್ಲಿ ಬಹಳ ವರ್ಷ ಶಿವಕಾಂತಮ್ಮನೇ ಬಾಯಿಯಾಗಿದ್ದಳು. ಔರಾದ ಶಹಾಜನಿಯ ಕಡೆಯ ರೈತನೊಬ್ಬ ಕಟಕಟೆಯಲ್ಲಿ ನಿಂತು ತನ್ನ ಬದುವಿನ ಜಗಳವನ್ನು ಹೇಳಿದರೆ, ಅದನ್ನು ಮರಾಠಿಗೆ ತಿರುಗಿಸಿ ಸಾಹೇಬರ ಮುಂದಿಡುವುದು ಅವಳ ನೌಕರಿ. ತಿರುಗಿಸುವ ಮೊದಲು ಸಾಹೇಬರ ಕಡೆ ಒಮ್ಮೆ ನೋಡಿ, ಅವರು ತಲೆಯಾಡಿಸಿದರೆ, ಸಾಕ್ಷಿಗೆ ಒಂದು ಮಾತು ಕೇಳುವಳು: “ಇದು ನೀ ನೋಡಿದ್ದೋ, ಕೇಳಿದ್ದೋ?” ಎಷ್ಟೋ ಮಂದಿ ಅಲ್ಲೇ ತಡವರಿಸುತ್ತಿದ್ದರು. ವಕೀಲರು ಅವಳಿಗೆ ‘ನೋಡಿದ್ದೋಬಾಯಿ’ ಎಂದೇ ಹೆಸರಿಟ್ಟಿದ್ದರು. ಅಡತಿ ಅಂಗಡಿಯ ಅವಳ ಗಂಡ ಕಾಶೆಪ್ಪ, ತೊಗರಿಯ ಧಾರಣೆ ಏರಿತು ಎಂದು ಮನೆಗೆ ಬಂದು ಹೇಳಿದರೂ ಇದೇ ಪ್ರಶ್ನೆ ಎದುರಾಗುತ್ತಿತ್ತು.

ಈಗ ಅವಳಿಲ್ಲ. ಹೋದವರ ಬಗ್ಗೆ ಬರೆಯುವಾಗ ಎಲ್ಲವನ್ನೂ ಸ್ವಲ್ಪ ದೊಡ್ಡದಾಗಿ, ಸ್ವಲ್ಪ ಚೆಂದವಾಗಿ ಬರೆಯುವ ಚಪಲ ಕೈಗೆ ಹತ್ತುತ್ತದೆ. ಅದು ಅವಳಿಗೆ ಆಗುತ್ತಿರಲಿಲ್ಲ. ಆದ್ದರಿಂದ ಇಲ್ಲಿ ಬರೆದದ್ದೆಲ್ಲ ಕಣ್ಣಾರೆ ಕಂಡದ್ದು, ಇಲ್ಲವೇ ಅವಳ ಬಾಯಿಂದಲೇ ಕೇಳಿದ್ದು.

ನೌಕರಿಯ ಕೊನೆಯ ವರ್ಷಗಳಲ್ಲಿ ಅವಳಿಗೆ ಅಂತರ್ಜಾಲದ ವಿಶ್ವಕೋಶಕ್ಕೆ ಬರೆಯುವ ಹುಚ್ಚು ಹಿಡಿಯಿತು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಆದರೆ ಬರೆದ ಪ್ರತಿ ಮಾತಿಗೂ ಅಚ್ಚಾದ ಆಧಾರ ತೋರಿಸಬೇಕು. “ನಮ್ಮ ಕೋರ್ಟಿನಂಗ ಅದ, ಆದರ ಇಲ್ಲಿ ವಕೀಲರಿಲ್ಲ” ಎಂದು ಖುಷಿಪಡುತ್ತಿದ್ದಳು. ಗಡಿಯ ಹಳೆಯ ಬಾವಿಗಳು, ಮಠಗಳು, ಸಂತೆಗಳ ಬಗ್ಗೆ ಕನ್ನಡದಲ್ಲಿ ಹತ್ತಾರು ಲೇಖನ ಬರೆದಳು. ಆಮೇಲೆ ಒಂದು ಭಾನುವಾರ ರಂಭಾಬಾಯಿಯ ಜೀವನಚರಿತ್ರೆ ಬರೆಯಲು ಕೂತಳು.

ರಂಭಾಬಾಯಿಯನ್ನು ಆ ಹೊತ್ತಿಗೆ ಪುಣೆ ಮುಂಬಯಿಯ ಹುಡುಗಿಯರೂ ಬಲ್ಲರು. ಉದಗೀರದಲ್ಲಿ ಅವಳ ಹೊಲಿಗೆ ಅಂಗಡಿ. ಅಲ್ಲಿ ತಯಾರಾಗುವ ‘ಕಿಸೆಕುಬುಸ’ ಫ್ಯಾಶನ್ ಮೇಳಗಳಿಗೆ ಹೋಗುತ್ತಿತ್ತು. ಖಣದ ಕುಬುಸ, ಅದರ ಎಡಮಗ್ಗುಲಿಗೆ ಗಂಡಸರ ಕೋಟಿನಿಂದ ಬಿಚ್ಚಿದಂಥ ದಪ್ಪ ಬಟ್ಟೆಯ ಕಿಸೆ. ಅದರ ಹುಟ್ಟು ಭೂಕಂಪದ ಮರುವರ್ಷದ್ದು. ತೊಂಬತ್ಮೂರರ ಆ ಬೆಳಗಿನ ಜಾವ ಕಿಲ್ಲಾರಿಯ ಸುತ್ತಲಿನ ಊರುಗಳು ನೆಲಸಮವಾದ ಮೇಲೆ, ಉಳಿದವರು ಉಮರ್ಗಾದ ಕಡೆ ತಗಡಿನ ಶೆಡ್ಡುಗಳಲ್ಲಿದ್ದರು. ಲಾರಿಗಟ್ಟಲೆ ಹಳೆ ಬಟ್ಟೆ ಬಂದು ಬಿತ್ತು. ಅದರಲ್ಲಿ ಅರ್ಧ ಕೋಟು, ಪ್ಯಾಂಟು. ಧೋತರ ಉಡುವ ಮುದುಕರು ಅವನ್ನು ಎಮ್ಮೆಗಳ ಕೆಳಗೆ ಹಾಸಿದರು. ಹೆಂಗಸರ ಪಾಡು ಬೇರೆ. ಟ್ರಂಕು ಮಣ್ಣಡಿ ಹೋಗಿತ್ತು, ಶೆಡ್ಡಿಗೆ ಬಾಗಿಲು ಸರಿಯಿರಲಿಲ್ಲ. ರೇಷನ್ ಕಾರ್ಡು, ಸತ್ತವರ ಒಂದು ಫೋಟೋ, ತಾಳಿಯ ಒಂದು ಬಂಗಾರದ ಗುಂಡು, ಇವನ್ನು ಎಲ್ಲಿಡಬೇಕು? ರಂಭಾ ಆ ಕೋಟುಗಳ ಕಿಸೆಗಳನ್ನು ಬಿಚ್ಚಿ ಕುಬುಸಗಳಿಗೆ ಹೊಲಿದುಕೊಟ್ಟಳು. ಮೊದಮೊದಲು ಒಳಗಡೆ. ಆಮೇಲೆ ಹೆಂಗಸರೇ “ಹೊರಗ ಹಚ್ಚು, ಕಾಣಲಿ” ಎಂದರು.

ಇದು ಊರೆಲ್ಲ ಬಲ್ಲ ಕಥೆ. ಊರು ಇನ್ನೊಂದು ಮಾತನ್ನೂ ಸೇರಿಸಿತ್ತು: ಭೂಕಂಪದ ದಿನ ರಂಭಾಬಾಯಿಯನ್ನು ಬಿದ್ದ ಮನೆಯ ಅಡಿಯಿಂದ ಎಳೆದು ತೆಗೆದಾಗ ಅವಳ ಕೈಯಲ್ಲಿ ಕತ್ತರಿ ಹಾಗೇ ಇತ್ತಂತೆ. ಗಂಡ, ಅತ್ತೆ, ಮಾವ, ಮೈದುನರು ಒಬ್ಬರೂ ಉಳಿಯಲಿಲ್ಲ. ಉಳಿದದ್ದು ಅವಳು ಮತ್ತು ಆ ಕತ್ತರಿ. ಶಿವಕಾಂತಮ್ಮ ಇದನ್ನೂ ಬರೆದಳು, ಆದರೆ ‘ಎಂದು ಹೇಳಲಾಗುತ್ತದೆ’ ಎಂಬ ಮಾತನ್ನು ಹಿಂದೆ ಕಟ್ಟಿದಳು.

ಲೇಖನ ಹಾಕಿದ ಕೆಲವೇ ದಿನಕ್ಕೆ ತಕರಾರು ಬಂತು. ‘ಸಾಣೆಕಲ್ಲು’ ಎಂಬ ಅಡ್ಡಹೆಸರಿನ ಸಂಪಾದಕ, ಯಾರೋ ಎಲ್ಲಿಯವರೋ, ಲೇಖನದ ನೆತ್ತಿಯ ಮೇಲೆ ಪಟ್ಟಿ ಹಚ್ಚಿದ್ದ: ಸ್ವತಂತ್ರ ಆಧಾರಗಳಿಲ್ಲ, ಒಂದು ವಾರದಲ್ಲಿ ಒದಗಿಸದಿದ್ದರೆ ತೆಗೆದುಹಾಕಲಾಗುವುದು. ಕೆಳಗೆ ಮುಂಬಯಿಯ ಒಂದು ದೊಡ್ಡ ಫ್ಯಾಶನ್ ಮನೆಯ ಸಂದರ್ಶನಕ್ಕೆ ಕೊಂಡಿ. ಅದರಲ್ಲಿ ಆ ಮನೆಯ ಒಡತಿ, ಕಿಸೆಯ ಕುಬುಸ ಎರಡು ಸಾವಿರದ ಒಂದರಲ್ಲಿ ತಮ್ಮ ಮೇಜಿನ ಮೇಲೆಯೇ ಮೊದಲು ಹುಟ್ಟಿತೆಂದು ಹೇಳಿದ್ದಳು. ರಂಭಾಬಾಯಿಯ ಬಗ್ಗೆ ಅಚ್ಚಾದದ್ದೆಲ್ಲ ಆ ವರ್ಷದ ಈಚಿನದು. ಕಾಗದದ ಲೆಕ್ಕದಲ್ಲಿ ಮುಂಬಯಿಯವಳು ಮುಂದೆ, ಉದಗೀರದವಳು ನಕಲು.

ಶಿವಕಾಂತಮ್ಮ ಗೆಳತಿ ರಂಭಾಬಾಯಿಗೆ ಫೋನು ಮಾಡಿ ತಿಳಿಸಿದಳು. ಅತ್ತ ಕಡೆ ಹೊಲಿಗೆ ಯಂತ್ರದ ಸಪ್ಪಳ ನಿಂತಿತು.

“ಅಕ್ಕಾ, ಆಕಿ ನನ್ನ ಅಂಗಡಿಗಿ ಬಂದು ಚಾ ಕುಡದು ಹೋಗ್ಯಾಳ. ಎರಡು ಕುಬುಸ ಒಯ್ದಾಳ.”

“ಅದಕ್ಕ ಸಾಕ್ಷಿ ಅದ ಏನು?”

“ಚಾದ ಕಪ್ಪ ತೊಳದೀನಲ್ಲ, ಏನ್ ಮಾಡ್ಲಿ!” ಎಂದು ರಂಭಾಬಾಯಿ ನಕ್ಕಳು. ಆಮೇಲೆ ನಗು ಇಳಿದು, “ಹಣ ಹೋದ್ರ ಹೋಗ್ಲಿ. ನಕಲು ಮಾಡ್ದಾಕಿ ಅಂತ ನನ್ನ ಹೆಸರು ಉಳೀಬಾರದು ನೋಡಕ್ಕಾ. ಆ ಹೆಸರು ನನ್ನೊಬ್ಬಾಕಿದಲ್ಲ” ಎಂದಳು. ಆ ಕೊನೆಯ ಮಾತು ಶಿವಕಾಂತಮ್ಮನಿಗೆ ಆಗ ಅರ್ಥವಾಗಲಿಲ್ಲ. ಊರಿನ ಹೆಂಗಸರೆಲ್ಲರ ಹೆಸರು ಎಂಬ ಅರ್ಥದಲ್ಲಿ ಅಂದಿರಬೇಕು ಎಂದುಕೊಂಡಳು.

ಸುದ್ದಿ ವಿರೂಪಾಕ್ಷನಿಗೆ ಮುಟ್ಟಿತು. ಅವನು ನಿಲಂಗಾದಿಂದ ಒಂದು ವಾರಪತ್ರಿಕೆ ನಡೆಸುವವನು. ಒಳ್ಳೆಯ ಮನುಷ್ಯ, ಆದರೆ ಯಾವ ಕಷ್ಟಕ್ಕೂ ಅವನಿಗೆ ಗೊತ್ತಿದ್ದ ಔಷಧ ಒಂದೇ, ಸತ್ಕಾರ. ಎರಡು ದಿನದಲ್ಲಿ ಬಸ್‌ಸ್ಟ್ಯಾಂಡಿನ ಮುಂದೆ ರಂಭಾಬಾಯಿಯ ಆಳೆತ್ತರದ ಫ್ಲೆಕ್ಸು ಎದ್ದಿತು. ಪತ್ರಿಕೆಯ ವಿಶೇಷ ಸಂಚಿಕೆ ಬಂತು. ಶಾಲೆಯ ಸಭಾಂಗಣದಲ್ಲಿ ಕುರ್ಚಿ ಹಾಕಿ, ರಂಭಾಬಾಯಿಗೆ ಶಾಲು ಹೊದಿಸಿ, ಟೆಂಗಿನಕಾಯಿ ಕೊಟ್ಟು, ತಲೆಗೆ ಫೇಟಾ ಸುತ್ತಿ, ನಂತರ ಶಿವಕಾಂತಮ್ಮನನ್ನೂ ಮೇಲೆ ಕರೆದರು.

“ಅಕ್ಕಾ, ಇನ್ನ ಚಿಂತಿ ಬ್ಯಾಡ” ಎಂದು ವಿರೂಪಾಕ್ಷ ಮೈಕಿನಲ್ಲೇ ಹೇಳಿದ. “ಪೇಪರ್‌ನಾಗ ಬಂದದ. ನಾಕು ಪುಟ ತುಂಬ ಬಂದದ. ಅಂವಾ ಸಾಣೆಕಲ್ಲು ಇದಕ್ಕೇನಂತಾನ ನೋಡೂಣು!”

ಶಿವಕಾಂತಮ್ಮ ಸಂಚಿಕೆ ಬಿಡಿಸಿ ಓದಿದಳು. ಮೊದಲ ಸಾಲು ಅವಳದೇ. ಎರಡನೆಯದೂ ಅವಳದೇ. ಅವಳು ಒಂದು ಕಡೆ ತಪ್ಪಿ ಬರೆದು ಆಮೇಲೆ ತಿದ್ದಿದ್ದ ಇಸವಿ ಕೂಡ ಹಳೆಯ ತಪ್ಪಿನ ಸಮೇತ ಅಲ್ಲಿತ್ತು. ವಿಶ್ವಕೋಶದ ಲೇಖನವನ್ನು ಅವನು ಪೂರ್ತಿ ಮರಾಠಿಗೆ ಇಳಿಸಿ, ಕತ್ತರಿಯ ಕಥೆಯ ಹಿಂದಿದ್ದ ‘ಎಂದು ಹೇಳಲಾಗುತ್ತದೆ’ಯನ್ನು ಮಾತ್ರ ತೆಗೆದಿದ್ದ.

“ತಮ್ಮಾ, ನನ್ನ ಮಾತು ನನ್ನಿಂದಲೇ ತಗೊಂಡು ನನಗೇ ಸಾಕ್ಷಿ ಹೇಳ್ತಿಯೇನೋ?” ಎಂದಳು. ಮೈಕು ಇನ್ನೂ ಅವಳ ಬಾಯಿಯ ಹತ್ತಿರವೇ ಇತ್ತು. ಸಭೆ ಗೊಳ್ಳೆಂದಿತು.

“ಅಚ್ಚಾದದ್ದು ಬೇಕು ಅಂದ್ರಿ, ಅಚ್ಚು ಮಾಡಿಸಿದೆ!” ವಿರೂಪಾಕ್ಷನಿಗೆ ನಿಜಕ್ಕೂ ನೋವಾಗಿತ್ತು. “ಶಾಯಿ ಅಲ್ಲೇನ್ರಿ ಇದು?”

“ಶಾಯಿ ಖರೆ ಅದ. ಕನ್ನಡಿ ಮುಂದ ನಿಂತು ಇಬ್ಬರಿದ್ದೀವಿ ಅಂದಂಗಾತು.”

ಅವಳು ಆ ಸಂಚಿಕೆಯನ್ನು ಆಧಾರವಾಗಿ ಸೇರಿಸಲಿಲ್ಲ. ಅಷ್ಟೇ ಅಲ್ಲ, ಅವಳಿಗೆ ತಿಳಿಯದೆ ಯಾರೋ ಸೇರಿಸಿದ್ದನ್ನು ತೆಗೆದು, ಯಾಕೆ ತೆಗೆದೆ ಎಂದು ಚರ್ಚೆಯ ಪುಟದಲ್ಲಿ ಬರೆದಳು. ಅವಳು ಬರೆಯದಿದ್ದರೆ ಸಾಣೆಕಲ್ಲಿಗೆ ಅದು ಗೊತ್ತಾಗುವ ಸಂಭವವೇ ಇರಲಿಲ್ಲ. ಊರಿನ ಅರ್ಧ ಮಂದಿ ಅವಳ ಕೂಡ ಮಾತು ಬಿಟ್ಟರು. ರಂಭಾಬಾಯಿ ಮಾತ್ರ ಫೇಟಾ ಬಿಚ್ಚಿ ಮಡಚುತ್ತ, “ಆಯ್ತು ಬಿಡಕ್ಕಾ, ಈ ಬಟ್ಟಿದು ಎರಡು ಕುಬುಸ ಆಗ್ತಾವ” ಎಂದಳು.

ಅದೇ ಚರ್ಚೆಯ ಪುಟವನ್ನು ನೋಡಿ ಪುಣೆಯಿಂದ ಮೀನಲ ಎಂಬ ಸಂಶೋಧಕಿ ಒಂದು ಚಿತ್ರ ಕಳಿಸಿದಳು. ನಿಂತುಹೋಗಿ ಎಷ್ಟೋ ಕಾಲವಾದ ಒಂದು ಮರಾಠಿ ಮಹಿಳಾ ಮಾಸಿಕದ, ತೊಂಬತ್ತೈದನೆಯ ಇಸವಿಯ ಒಂದೇ ಪುಟ. ಹಿಂದಿನ ಪುಟ ತನ್ನಲ್ಲಿಲ್ಲ ಎಂದೂ ಬರೆದಿದ್ದಳು. ಶೆಡ್ಡುಗಳ ಹೆಂಗಸರ ಬಗ್ಗೆ ಬರೆದ ವರದಿ ಅದು. ಶಿವಕಾಂತಮ್ಮ ಒಂದೊಂದೇ ಸಾಲು ಓದಿದಳು. ದಾನದ ಕೋಟಿನ ಕಿಸೆ ಬಿಚ್ಚಿ ಕುಬುಸಕ್ಕೆ ಹೊಲಿಯುವ ಹೆಂಗಸು, ಎಡಮಗ್ಗುಲ ಕಿಸೆ, “ಹೊರಗ ಹಚ್ಚು” ಎಂದ ಮುದುಕಿಯರು, ಎಲ್ಲವೂ ಇತ್ತು. ಮುಂಬಯಿಯ ಮಾತು ಅಲ್ಲಿಗೆ ಬಿದ್ದುಹೋಯಿತು. ಆದರೆ ಆ ಹೆಂಗಸಿನ ಹೆಸರು ರಂಭಾಬಾಯಿಯಲ್ಲ. ಕಸ್ತೂರಬಾಯಿ, ಯೆಣೆಗೂರಿನವಳು.

ಅವಳು ಆ ಪುಟವನ್ನು ಇನ್ನೊಮ್ಮೆ ಓದಿದಳು. ಯಾರಿಗೂ ತೋರಿಸದೆ ಇರಬಹುದಿತ್ತು. ಕಾಶೆಪ್ಪ ಅದನ್ನೇ ಹೇಳಿದ: “ನೀ ಏನ್ ಆ ಕೇಸಿನಾಗ ಪೊಲೀಸೇನು? ಸುಮ್ನ ಮಡಚಿ ಇಡು.” ಅವಳು ಮಡಚಿ ಇಡಲಿಲ್ಲ. ‘ರಂಭಾಬಾಯಿಯ ಹೆಸರು ಅಚ್ಚಾಗುವ ಮೊದಲೇ, 1995ರ ವೇಳೆಗೆ, ಯೆಣೆಗೂರಿನ ಕಸ್ತೂರಬಾಯಿ ಎಂಬವರು ಇಂಥ ಕುಬುಸಗಳನ್ನು ಹೊಲಿಯುತ್ತಿದ್ದರು’ ಎಂಬ ಸಾಲನ್ನು ರಂಭಾಬಾಯಿಯ ಲೇಖನಕ್ಕೆ ತನ್ನ ಕೈಯಿಂದಲೇ ಸೇರಿಸಿದಳು. ಸಾಣೆಕಲ್ಲು ಸಂಜೆಗೇ ಬರೆದ: ‘ಹಾಗಾದರೆ ಲೇಖನ ಇರಬೇಕಾದದ್ದು ಕಸ್ತೂರಬಾಯಿಯ ಬಗ್ಗೆ.’

ವಿರೂಪಾಕ್ಷ ಸುಮ್ಮನಿರುವವನೇ? ಉದಗೀರಕ್ಕೆ ಫೋನು ಹೋಯಿತು. ಅರ್ಧ ಗಳಿಗೆಯಲ್ಲಿ ಉದಗೀರದಿಂದ ಶಿವಕಾಂತಮ್ಮನಿಗೆ ಫೋನು ಬಂತು.

“ಮತ್ತೊಬ್ಬಾಕೀನ ನನ್ನ ತಲಿ ಮ್ಯಾಲ ಕೂಡಿಸಿದಿಯಂತಲ್ಲ ಅಕ್ಕಾ! ಮುಂಬಯಿಯಾಕಿ ದೂರಿದ್ಲು, ನೀ ಮಗ್ಗುಲಾಗೇ ಇದ್ದಿ. ನನಗ ಬ್ಯಾರೆ ವೈರಿ ಯಾಕ ಬೇಕು?”

“ರಂಭಾ, ಆಕಿ ಯಾರಂತ ಕೇಳು ಮೊದಲು…”

“ಯಾರರೆ ಇರ್ಲಿ!” ಫೋನು ಕಟ್ಟಾಯಿತು.

ಮರುದಿನ ಶಿವಕಾಂತಮ್ಮ ರಜೆ ಹಾಕಿ ಯೆಣೆಗೂರಿಗೆ ಹೊರಟಳು. ಕಸ್ತೂರಬಾಯಿ ಬದುಕಿದ್ದರೆ ಅವಳ ಜೀವನಚರಿತ್ರೆಯನ್ನಾದರೂ ಸರಿಯಾಗಿ ಬರೆಯಬೇಕು, ಅಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಉಮರ್ಗಾದಲ್ಲಿ ಬಸ್ಸು ಬದಲಿಸಿ, ಹೆದ್ದಾರಿಯ ಧಾಬಾದ ಮುಂದೆ ಇಳಿದಳು. ರೊಟ್ಟಿ ಬಡಿಯುತ್ತಿದ್ದ ಹೆಂಗಸಿಗೆ, “ಹೊಲಿಗಿ ಮಾಡ್ತಿದ್ದ ಕಸ್ತೂರಬಾಯಿ ಅಂತ ಈ ಊರಾಗ ಯಾರರೆ ಇದ್ದಾರೇನವ್ವಾ?” ಎಂದು ಕೇಳಿದಳು.

“ಸರುಬಾಯಿ ಮಗಳು? ಆಕಿ ಈಗ ಇಲ್ಲಿಲ್ಲ. ಅವ್ವ ಇದ್ದಾಳ ನೋಡ್ರಿ, ಬೇವಿನಗಿಡದ ಮನಿ.”

ಸರುಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬಂದವಳನ್ನು ಒಳಗೆ ಕೂಡಿಸಿ, ಮೊದಲು ನೀರು ಕೊಟ್ಟು, ಮೊರ ತಂದು ಎದುರಿಗೆ ಕೂತಳು. ಶಿವಕಾಂತಮ್ಮ ನೀರು ಕುಡಿಯುತ್ತ ತಲೆಯೆತ್ತಿದಾಗ ಎದುರು ಗೋಡೆಯ ಮೇಲೆ ಒಂದು ಬಣ್ಣದ ಫೋಟೋ ಕಂಡಿತು. ಶಾಲು, ಕೈಯಲ್ಲಿ ಟೆಂಗಿನಕಾಯಿ, ತಲೆಗೆ ಫೇಟಾ. ಮೊನ್ನೆಯ ಸತ್ಕಾರದ್ದೇ ಫೋಟೋ, ರಂಭಾಬಾಯಿಯದು.

“ಇದು…”

“ನನ್ನ ಮಗಳು ಕಸ್ತೂರಿ” ಎಂದಳು ಸರುಬಾಯಿ. “ಗಂಡನ ಮನಿಯಾಗ ರಂಭಾ ಅಂತ ಇಟ್ಟಿದ್ರು. ನಾ ಯಾಕ ಅನ್ಲಿ? ಹಡದಾಕಿ ನಾನು.”

ಶಿವಕಾಂತಮ್ಮ ಹಣೆ ಹಣೆ ಬಡಿದುಕೊಂಡಳು. ಈ ಸೀಮೆಯಲ್ಲಿ ಮದುವೆಯ ದಿನ ಗಂಡಿನ ಮನೆಯವರು ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಸೊಸೆಯ ಹೊಸ ಹೆಸರನ್ನು ಬರೆಯುತ್ತಾರೆ. ಆವತ್ತಿನಿಂದ ಹುಡುಗಿಗೆ ಎರಡು ಹೆಸರು, ತವರಿಗೊಂದು, ಅತ್ತೆಮನೆಗೊಂದು. ಕೋರ್ಟಿನಲ್ಲಿ ಹೆಂಗಸು ಸಾಕ್ಷಿ ಬಂದರೆ ಎರಡೂ ಹೆಸರು ಕೇಳಿ ಬರೆಸುವವಳು ಇವಳೇ. ಭಾಲ್ಕಿ ಕಡೆಯಿಂದ ನಿಲಂಗಾಕ್ಕೆ ಸೊಸೆಯಾಗಿ ಬಂದಾಗ ಅವಳಿಗೂ ಅಕ್ಕಿಯಲ್ಲಿ ಒಂದು ಹೆಸರು ಬರೆದಿದ್ದರು. ಕಾಶೆಪ್ಪನಿಗೆ ಅದು ನೆನಪಿರದೆ ಹಳೆಯದೇ ಉಳಿದಿತ್ತು. ಕಟಕಟೆಯಲ್ಲಿ ಗುರುತಿಲ್ಲದವರಿಗೆ ಕೇಳಿದ ಪ್ರಶ್ನೆಯನ್ನು ಗೆಳತಿಗೆ ಕೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

“ಅವ್ವಾ, ಭೂಕಂಪದಾಗ ಕಸ್ತೂರಿ ಹೆಂಗ ಉಳದಳು? ಕೈಯಾಗ ಕತ್ತರಿ ಇತ್ತಂತಾರ.”

ಸರುಬಾಯಿ ಜೋಳದ ಮೊರವನ್ನು ಕೆಳಗಿಟ್ಟಳು. “ಯಾವ ಕತ್ತರಿ? ಆಕಿ ಆವತ್ತ ಇಲ್ಲೇ ಇದ್ಲು. ಗಣಪತಿಗಿ ಕರ್ಕೊಂಡು ಬಂದಿದ್ದೆ. ಈ ಮನಿಯಾಗ, ನನ್ನ ಮಗ್ಗುಲಾಗ ಮಲಗಿದ್ಲು.” ಮೊರವನ್ನು ಮತ್ತೆ ಎತ್ತಿಕೊಳ್ಳುತ್ತ ಅಂದಳು, “ಮರುದಿನ ಹೋಗಾಕಿ ಇದ್ಲು.”

ಶಿವಕಾಂತಮ್ಮ ಮನೆಗೆ ಹೋಗಲಿಲ್ಲ. ಅಲ್ಲಿಂದಲೇ ಬಸ್ಸು ಹಿಡಿದು, ನಿಲಂಗಾದಲ್ಲಿ ಇಳಿದು ಹತ್ತಿ, ಉದಗೀರಕ್ಕೆ ಹೋದಳು. ಇಬ್ಬರೂ ಒಬ್ಬಳೇ ಎಂಬುದು ಈಗ ಅವಳಿಗೆ ಗೊತ್ತು, ಆದರೆ ವಿಶ್ವಕೋಶಕ್ಕೆ ಗೊತ್ತಿಲ್ಲ. ತಾಯಿಯ ಮಾತು ಅಲ್ಲಿ ನಡೆಯುವುದಿಲ್ಲ. ಆದರೂ ಮೊದಲು ನೋಡಬೇಕಾದದ್ದು ರಂಭಾಬಾಯಿಯನ್ನು.

ರಂಭಾಬಾಯಿ ಮುಖ ತಿರುಗಿಸಿಕೊಂಡು ಗುಂಡಿ ಹಚ್ಚುತ್ತ ಕೂತಿದ್ದಳು.

“ಕಸ್ತೂರಿ” ಎಂದು ಕರೆದಳು ಶಿವಕಾಂತಮ್ಮ.

ಸೂಜಿ ನಿಂತಿತು. “ಯೆಣೆಗೂರಿಗಿ ಹೋಗಿದ್ದಿ?”

“ಹೋಗಿದ್ದೆ. ನಿನ್ನ ತಲಿ ಮ್ಯಾಲ ಕೂಡಿಸಿದ್ದು ನಿನ್ನನ್ನೇ. ಯಾಕ ಹೇಳ್ಲಿಲ್ಲ ಮಾರಾಯ್ತಿ?”

“ನೀ ಕೇಳಿದಿಯೇನು? ಊರಿನವರಿಗೆಲ್ಲ ಕೇಳ್ತಿ.” ಹೀಗೆಂದು ಜೋರಾಗಿ ನಕ್ಕವಳು ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ತಾನಾಗಿಯೇ ಹೇಳಿದಳು. ಅತ್ತೆಮನೆಯ ಊರಿನಲ್ಲಿ ಹೊರಗಿನವರು ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಎಲ್ಲರಿಗೂ ಅವಳು ‘ಸಣ್ಣ ಸೊಸಿ’. ರಂಭಾ ಎಂದು ಕರೆಯುತ್ತಿದ್ದವರು ಆ ಮನೆಯ ಏಳು ಮಂದಿ. ಒಂದೇ ಬೆಳಗಿಗೆ ಆ ಹೆಸರು ಕರೆಯುವವರು ಯಾರೂ ಇಲ್ಲದಾದರು. ಶೆಡ್ಡುಗಳಿಗೆ ಯಂತ್ರ ಹೊತ್ತುಕೊಂಡು ತಾಯಿಯ ಜೊತೆ ಹೋದಾಗ ಅವಳು ಮತ್ತೆ ಕಸ್ತೂರಿಯಾದಳು. ಆ ಮಾಸಿಕದ ಹೆಂಗಸು ಬಂದು ಬರೆದುಕೊಂಡದ್ದು ಆಗ.

“ಮತ್ತ ರಂಭಾ ಹೆಂಗಾದಿ?”

“ಇಲ್ಲಿ ಅಂಗಡಿ ತಗದಾಗ ಬೋರ್ಡ್ ಬರಿಯಾಂವ ಹೆಸರು ಕೇಳ್ದ. ಕಸ್ತೂರಿ ಅನ್ನಾಕ ಬಾಯಿ ತಗದೆ. ಅಲ್ಲಕ್ಕಾ, ನಾನೂ ಬಿಟ್ಟರ ಆ ಹೆಸರು ಯಾರು ಹಿಡೀಬೇಕು? ನಮ್ಮತ್ತಿ ಆರಿಸಿ ಇಟ್ಟಿದ್ದು. ಮನಿ ಹೋಯ್ತು, ಮಂದಿ ಹೋದ್ರು. ಹೆಸರು ನನ್ನ ಮೈಮ್ಯಾಗ ಇತ್ತು, ಉಳೀತು. ಅದನ್ನೇ ಬರಿ ಅಂದೆ.”

ಆ ಹೆಸರು ನನ್ನೊಬ್ಬಾಕಿದಲ್ಲ ಎಂದದ್ದು ಯಾಕೆಂದು ಶಿವಕಾಂತಮ್ಮನಿಗೆ ಈಗ ತಿಳಿಯಿತು.

“ಮತ್ತ ಕತ್ತರಿ?”

ರಂಭಾಬಾಯಿ ಬಾಗಿಲ ಕಡೆ ನೋಡಿದಳು. “ಯಾರೋ ಅಂದ್ರು. ನಾ ಅಲ್ಲ ಅನ್ಲಿಲ್ಲ. ಎಲ್ಲಾರೂ ಒಳಗಿದ್ರು, ನಾನೊಬ್ಬಾಕಿ ತವರಾಗ ಹೋಳಿಗಿ ತಿಂದು ಮಲಗಿದ್ದೆ ಅಂತ ಹೆಂಗ ಹೇಳ್ಲಿ? ಆ ಸುಳ್ಳಿನಾಗ ನಾನೂ ಅವರ ಕೂಡ ಒಳಗೇ ಇದ್ದೆ.”

ಶಿವಕಾಂತಮ್ಮ ಸ್ಟೂಲು ಎಳೆದು ಅವಳ ಪಕ್ಕ ಕೂತಳು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಎರಡು ಹೆಸರು ಒಂದೇ ಎಂದು ಅಚ್ಚಿನಲ್ಲಿ ಎಲ್ಲಾದರೂ ಇದ್ದರೆ ಅದು ಆ ಮಾಸಿಕದ ಹಿಂದಿನ ಪುಟದಲ್ಲಿ ಇರಬಹುದು. ಇದ್ದರೆ ಅಲ್ಲಿ ಯೆಣೆಗೂರಿನ ಆ ರಾತ್ರಿಯ ಮಾತೂ ಇದ್ದೀತು. ಅದನ್ನು ಆಧಾರವಾಗಿ ಹಾಕಿದರೆ ಕತ್ತರಿಯ ಕಥೆ ಹೋಗುತ್ತದೆ, ಎಲ್ಲರ ಕಣ್ಣೆದುರಿಗೆ. “ನೀ ಬ್ಯಾಡ ಅಂದ್ರ ನಾ ಹುಡುಕೂದಿಲ್ಲ. ಲೇಖನ ಹೋಗ್ಲಿ.”

ರಂಭಾಬಾಯಿ ಕೈಯಲ್ಲಿದ್ದ ಕುಬುಸದ ಗುಂಡಿಯನ್ನು ಪೂರ್ತಿ ಹಚ್ಚಿ, ದಾರವನ್ನು ಹಲ್ಲಿನಿಂದ ಕಡಿದಳು. “ನಡಿ. ನಾನೂ ಬರ್ತೀನಿ.”

ಉದಗೀರದ ಹಳೆಯ ವಾಚನಾಲಯದಲ್ಲಿ ಬಕ್ಕಪ್ಪ ಎಂಬವರು ಗ್ರಂಥಪಾಲರು. ಮಾಸಿಕದ ಹೆಸರು ಕೇಳಿದ ಕೂಡಲೆ ಅವರು ಮುಖ ಸಿಂಡರಿಸಿದರು. “ಅವಾ? ಅವು ಅವ. ಆದರ ಹೆಂಗ ಅವ ಅಂತ ಕೇಳಬ್ಯಾಡ್ರಿ.” ಹೊಲಿಗೆ ಹಾಕಿಸಿ ಇಟ್ಟಿದ್ದ ಸಂಪುಟವನ್ನು ಮೇಜಿನ ಮೇಲೆ ತಂದಿಟ್ಟು ಬಿಡಿಸಿದಾಗ ಕಾರಣ ಕಂಡಿತು. ಪುಟಪುಟಕ್ಕೂ ಬ್ಲೇಡಿನಿಂದ ಕೊಯ್ದ ಕಿಟಕಿಗಳು. “ಈ ಊರಿನ ಹೆಣಮಕ್ಕಳು, ಬಾಯಾರ! ಚಕ್ಕಲಿ ಮಾಡೋ ರೀತಿ ಬಂದ್ರ ಕೊಯ್ದು ಒಯ್ತಾರ. ಕಸೂತಿ ನಕ್ಷಿ ಬಂದ್ರ ಕೊಯ್ದು ಒಯ್ತಾರ. ಒಂದು ಸಲ ಬಂದಾಗ ಗದರಿಸಿದ್ರ, ಒಯ್ಯಾಕಲ್ಲದ ಮತ್ತ್ಯಾಕ ಇಟ್ಟೀರಿ ಅಂತಾರ.”

ರಂಭಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. “ಒಂದೆರಡು ನಾನೂ ಕೊಯ್ದೀನ್ರಿ” ಎಂದಳು ಮೆಲ್ಲಗೆ. ಬಕ್ಕಪ್ಪ ಕೇಳಿಸದವರಂತೆ ಕನ್ನಡಕ ಒರೆಸಿದರು.

ತೊಂಬತ್ತೈದರ ಸಂಚಿಕೆ ಸಿಕ್ಕಿತು. ಮೀನಲ ಕಳಿಸಿದ ಪುಟ ಸಿಕ್ಕಿತು. ಶಿವಕಾಂತಮ್ಮ ಅದರ ಹಿಂದಿನ ಪುಟಕ್ಕೆ ತಿರುಗಿಸಿದಳು. ಅಲ್ಲೂ ಒಂದು ಕಿಟಕಿ. ಆ ಹಾಳೆಯ ಬೆನ್ನಿಗಿದ್ದ ಕಸೂತಿಯ ನವಿಲನ್ನು ಯಾರೋ ಹೊತ್ತೊಯ್ದಿದ್ದರು, ವರದಿಯ ಕೆಳಭಾಗವೂ ಅದರ ಜೊತೆಗೇ ಹೋಗಿತ್ತು. ಮೇಲಿನ ಭಾಗ ಉಳಿದಿತ್ತು. ಅವಳು ಬೆರಳಿಟ್ಟು ಓದಿದಳು, ಕಿಟಕಿಯ ಅಂಚಿಗೆ ಬಂದು ನಿಂತಳು, ಮತ್ತೆ ಮೇಲಿನಿಂದ ಓದಿದಳು. ಕೋರ್ಟಿನ ಅಭ್ಯಾಸದಂತೆ ಮರಾಠಿಯನ್ನು ಕನ್ನಡಕ್ಕೆ ತಿರುಗಿಸುತ್ತ ಗಟ್ಟಿಯಾಗಿ ಓದತೊಡಗಿದಳು:

“ಅತ್ತೆಮನೆಯಲ್ಲಿ ಇವಳ ಹೆಸರು ರಂಭಾ. ಹಾಗೆ ಕರೆಯುತ್ತಿದ್ದವರು ಯಾರೂ ಈಗಿಲ್ಲ. ಆ ರಾತ್ರಿ ತಾನು ಯೆಣೆಗೂರಿನ ತವರಿನಲ್ಲಿದ್ದೆ ಎಂದಳು. ಬರೆಯುವುದಾದರೆ ತಾಯಿ ಕರೆಯುವ ಹೆಸರನ್ನೇ ಬರೆಯಿರಿ, ಕಸ್ತೂರಿ ಎಂದು, ಎಂದಳು.”

ರಂಭಾಬಾಯಿ ಮೇಜಿನ ಅಂಚು ಹಿಡಿದು ನಿಂತಿದ್ದಳು. “ಇನ್ನೊಂದ್ಸಲ ಓದಕ್ಕಾ.” ಶಿವಕಾಂತಮ್ಮ ಇನ್ನೊಮ್ಮೆ ಓದಿದಳು. ಬಕ್ಕಪ್ಪನವರು ಶಾಂತತೆ ಕಾಪಾಡಿರಿ ಎಂಬ ತಮ್ಮದೇ ಫಲಕದ ಕೆಳಗೆ ನಿಂತು ಚಪ್ಪಾಳೆ ತಟ್ಟಿಬಿಟ್ಟರು.

ಶಿವಕಾಂತಮ್ಮ ಆ ಪುಟದ ಚಿತ್ರವನ್ನು ಕೊಯ್ದ ಕಿಟಕಿಯ ಸಮೇತ ಹಾಕಿದಳು. ಕತ್ತರಿಯ ಸಾಲನ್ನು ತೆಗೆದಳು. ಲೇಖನ ಮೊದಲಿಗಿಂತ ಅರ್ಧವಾಯಿತು. ಗಡುವು ತೀರುವ ಮುನ್ನಾದಿನ ಸಾಣೆಕಲ್ಲಿನ ಉತ್ತರ ಬಂತು: ‘ಲೇಖನವನ್ನು ಉಳಿಸಲಾಗಿದೆ. ತನ್ನ ವಿರುದ್ಧದ ಆಧಾರವನ್ನೂ ತಾನೇ ತಂದಿಟ್ಟ ಬರಹಗಾರರನ್ನು ಇಲ್ಲಿ ಮೊದಲ ಸಲ ಕಂಡೆ. ನಮಸ್ಕಾರ.’ ಅವಳು ಅದನ್ನು ಕಾಶೆಪ್ಪನಿಗೆ ಓದಿ ಹೇಳಿದಳು. ಕಾಶೆಪ್ಪ ಅಂಗಡಿಯ ಹಮಾಲರಿಗೆಲ್ಲ ಪೇಢೆ ಹಂಚಿದ, ಯಾಕೆಂದು ಅವನಿಗೂ ಪೂರ್ತಿ ಗೊತ್ತಿರಲಿಲ್ಲ. ಮುಂದಿನ ವರ್ಷ ಆ ಮುಂಬಯಿಯ ಫ್ಯಾಶನ್ ಮನೆಯ ಹೊಸ ಕ್ಯಾಟಲಾಗಿನಲ್ಲಿ, ಕಿಸೆಯ ಕುಬುಸದ ಚಿತ್ರದ ಕೆಳಗೆ ಉದಗೀರದ ಹೆಸರು ಬಂತು.

ವಿರೂಪಾಕ್ಷ ಬಿಡಲಿಲ್ಲ, ಇನ್ನೊಂದು ಸತ್ಕಾರ ಇಟ್ಟ, ಈ ಸಲ ಉದಗೀರದಲ್ಲಿ. ಶೆಡ್ಡುಗಳ ಕಾಲದ ಹೆಂಗಸರು ಬಂದಿದ್ದರು, ಕೆಲವರು ಆ ಹಳೆಯ ಕುಬುಸಗಳನ್ನೇ ತೊಟ್ಟು. ಶಿವಕಾಂತಮ್ಮ ಈ ಬಾರಿ ಮೇಲೆ ಹತ್ತಲೊಲ್ಲೆನೆಂದು ಅವರ ನಡುವೆಯೇ ಕೂತಳು. ಹಾರ ಬಿದ್ದ ಮೇಲೆ ರಂಭಾಬಾಯಿ ಮೈಕಿನ ಮುಂದೆ ಬಂದಳು. ಭಾಷಣ ಮಾಡಿ ರೂಢಿಯಿರಲಿಲ್ಲ.

“ಕತ್ತರಿ ಮಾತು ಖರೆ ಅಲ್ಲ” ಎಂದಳು. “ಆ ರಾತ್ರಿ ನಾ ಯೆಣೆಗೂರಾಗಿದ್ದೆ. ನಮ್ಮವರ ಕೂಡ ಇರ್ಲಿಲ್ಲ.”

ವಿರೂಪಾಕ್ಷ ಏನಾದರೂ ಹೇಳಿ ಸಂದರ್ಭ ಉಳಿಸಬೇಕೆಂದು ಎದ್ದ. ಅಷ್ಟರಲ್ಲಿ ಮೂರನೆಯ ಸಾಲಿನಲ್ಲಿ ಭಾಗೀರಥಿಬಾಯಿ ಕೋಲೂರಿ ಎದ್ದು ನಿಂತಳು. ರಂಭಾಬಾಯಿಯ ಅತ್ತೆಮನೆಯ ಎದುರುಮನೆಯವಳು ಅವಳು, ತಾನೂ ಎರಡು ಮಕ್ಕಳನ್ನು ಕಳೆದುಕೊಂಡವಳು.

“ನಮಗ ಗೊತ್ತಿತ್ತವ್ವಾ” ಎಂದಳು. “ನಮ್ಮೂರಾಗ ಎಲ್ಲಾರಿಗೂ ಗೊತ್ತಿತ್ತು. ನೀ ಹೇಳ್ಲಿಲ್ಲ, ನಾವು ಕೇಳ್ಲಿಲ್ಲ. ನೀ ಒಳಗಿದ್ದಿದ್ರ ನಮಗ ಕುಬುಸ ಯಾರು ಹೊಲೀತಿದ್ರು? ನನ್ನ ಹುಡುಗರ ಫೋಟೋ ಎಲ್ಲಿ ಇಟ್ಕೋತಿದ್ದೆ?” ಅವಳು ಎದೆಯ ಎಡಮಗ್ಗುಲ ಕಿಸೆಯ ಮೇಲೆ ಕೈಯಿಟ್ಟಳು. “ರಂಭಾ, ತಲಿ ಎತ್ತು!”

ಅತ್ತೆಮನೆಯ ಊರಿನ, ಮನೆಯವರಲ್ಲದ ಒಬ್ಬರು ಅವಳನ್ನು ಆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಆಮೇಲೆ ಹಿಂದಿನ ಸಾಲಿನಿಂದ ಇನ್ನೊಬ್ಬಳು ಕರೆದಳು, ಬಾಗಿಲ ಹತ್ತಿರದಿಂದ ಮತ್ತೊಬ್ಬಳು. ಸಭಾಂಗಣದ ತುಂಬ ಹೆಂಗಸರು ರಂಭಾ, ರಂಭಾ ಎಂದು ಕೂಗುತ್ತ ಎದ್ದು ನಿಂತರು. ಶಿವಕಾಂತಮ್ಮನ ದನಿ ಅವರೆಲ್ಲರಿಗಿಂತ ಮೇಲಿತ್ತು. ಅಷ್ಟು ದೊಡ್ಡದಾಗಿ ಅವಳು ಕೂಗಿದ್ದನ್ನು ಆ ಮೊದಲು ಯಾರೂ ಕೇಳಿರಲಿಲ್ಲ.

ಶಿವಕಾಂತಮ್ಮ ಹೋಗಿದ್ದು ನಿವೃತ್ತಿಯಾದ ಮೇಲೆ, ಒಂದು ಚಳಿಗಾಲದಲ್ಲಿ, ಸಣ್ಣ ಕಾಯಿಲೆಯಿಂದ. ರಂಭಾಬಾಯಿ ಅವತ್ತು ಅಂಗಡಿ ತೆಗೆಯಲಿಲ್ಲ. ಲೇಖನ ಈಗ ಮರಾಠಿ, ತೆಲುಗು, ಹಿಂದಿಯಲ್ಲೂ ಇದೆ. ಗುರುತಿಲ್ಲದ ಎಷ್ಟೋ ಕೈಗಳು ಅದನ್ನು ಬೆಳೆಸಿವೆ, ತಿದ್ದಿವೆ. ಶಿವಕಾಂತಮ್ಮ ಕೊನೆಗೆ ತಿದ್ದಿ ಬರೆದ ಮೊದಲ ವಾಕ್ಯವನ್ನು ಮಾತ್ರ ಇಂದಿನವರೆಗೆ ಯಾರೂ ಬದಲಿಸಿಲ್ಲ: ‘ರಂಭಾಬಾಯಿ, ತವರಿನ ಹೆಸರು ಕಸ್ತೂರಿ, ಕಿಸೆಕುಬುಸವನ್ನು ಮೊದಲು ಹೊಲಿದವರು.’